ಬ್ಯಾಡ ಅಂದಿದ್ದು

ಹಾಸನ, ಕೆ.ಆರ್. ಪುರಂ, ಮಹಡಿ ಮೇಲಿನ ಬಾಡಿಗೆ ಕೋಣೆ.
ಕರೆಂಟು ಹೋಗಿ ಬಂತು. ಮೋಡೆಮ್ಮು ಎರಡು ಸಲ ಸತ್ತು ಎದ್ದಿತು.
ಪುಣೆಯಾಚೆಯ ಬಯಲಲ್ಲಿ ಮೂವತ್ತು ತಟ್ಟೆಗಳು
ಒಂದೇ ಕಡೆ ಕಿವಿ ತಿರುಗಿಸಿ ಆಲಿಸಿದ ಏಳು ತಾಸು
ಈಗ ನನ್ನ ಮಡಿಲಲ್ಲಿ, ಬೆಚ್ಚಗೆ.
ಲ್ಯಾಪ್‌ಟಾಪಿನ ಫ್ಯಾನು ತೇಕುತ್ತಿದೆ.

ನಕ್ಷತ್ರ ಎಳೆಯದು, ತೂಕ ಮಾತ್ರ ಮೂವತ್ತು ಸೂರ್ಯ.
ಹುಟ್ಟಿದ ಧೂಳಿನೊಳಗೇ ಇನ್ನೂ ಹುದುಗಿ
ಒಂದು ಹನಿ ಬೆಳಕನ್ನೂ ಹೊರಗೆ ಬಿಡದು.
ಒಳಗೆ ರಂಪ:
ಸಿಕ್ಕ ಸಿಕ್ಕ ಹೈಡ್ರೋಜನ್ನಿನ
ಇದ್ದೊಂದು ಎಲೆಕ್ಟ್ರಾನನ್ನೂ ಕಿತ್ತು ಬೀದಿಗೆ ತಳ್ಳುತ್ತದೆ.
ಬೀದಿಗೆ ಬಿದ್ದದ್ದು ಪ್ರೋಟಾನುಗಳ ಬಾಗಿಲ ಮುಂದೆ ಹಾಯುವಾಗ
ಕೊಂಚ ಬಾಗಿ, ಒಳಗೆ ಹೋಗದೆ, ಮುಂದೆ ಸಾಗುತ್ತದೆ.
ಆ ಬಾಗುವಿಕೆಯಲ್ಲಿ ಕಳಚಿ ಬೀಳುವುದು ರೇಡಿಯೋ.
ಧೂಳು ಅದನ್ನು ತಡೆಯದು.
ನಮಗೆ ಸಿಗುವುದು ಅಷ್ಟೇ:
ಹದಿನಾರು ಸಾವಿರ ವರ್ಷ ನಡೆದು ಬಂದ
ಒಂದು ಹಿಂಜರಿಕೆ.

ಅಪರೂಪಕ್ಕೆ ಯಾವುದೋ ಒಂದು ಒಳಗೆ ಹೋಗುತ್ತದೆ.
ಎತ್ತರದ ಮೆಟ್ಟಿಲಿಗೆ ಮೊದಲು ಕಾಲಿಟ್ಟು
ನೂರಾ ಎಪ್ಪತ್ತೆಂಟರಿಂದ ನೂರಾ ಎಪ್ಪತ್ತೇಳಕ್ಕೆ
ಇಳಿಯುವಾಗ ಒಂದು ಸಣ್ಣ ಸದ್ದು.
ಆ ಸದ್ದು ಎಲ್ಲಿರಬೇಕೆಂದು ಲೆಕ್ಕ ಗೊತ್ತು.
ಸರಿಯಾಗಿ ಅಲ್ಲೇ ಕಿರುಚುತ್ತಿದೆ
ನೆತ್ತಿಯ ಮೇಲೆ ಹಾಯ್ದ ಉಪಗ್ರಹ.
ಅದಕ್ಕೆ ಎಡಕ್ಕೆ ವಾಲು, ಬಲಕ್ಕೆ ತಿರುಗು ಎನ್ನುವ ಬೋಗುಣಿಗಳು
ಇಲ್ಲೇ, ಸಾಲಗಾಮೆ ರಸ್ತೆಯಲ್ಲಿ,
ನನ್ನ ಸ್ಕೂಟರಿನಲ್ಲಿ ಹದಿನೈದು ನಿಮಿಷ.
ಊರವನೇ ಕಳ್ಳ.
ಅವನ ಜೊತೆ ಮೊಬೈಲು, ವಿಮಾನ, ಯಾರದೋ ವೆಲ್ಡಿಂಗಿನ ಕಿಡಿ.
ಒಂದೊಂದನ್ನೇ ಗುರುತು ಹಾಕಿ ಅಳಿಸುತ್ತ ಕೂತಿದ್ದೆ.

ನೀರಿನ ಬಿಲ್ಲು ಹಿಡಿದು ದ್ಯಾವಮ್ಮ ಬಂದಳು, ಮನೆಯೊಡತಿ.
ನೀಲಿ ಪರದೆ, ಮೇಲೆ ಹಳದಿ ಚುಕ್ಕೆ. ಬಗ್ಗಿ ನೋಡಿದಳು.
“ಇದೇನ್ ಕಣವ್ವಾ, ಕಾಳು ಆರಿಸ್ತಿದ್ದೀಯ?”
ಕ್ಯೂರಿಂಗ್ ವರ್ಕ್ಸಿನಲ್ಲಿ ಮೂವತ್ತೊಂದು ವರ್ಷ,
ಮೇಸ್ತ್ರಿ ಇಗ್ನೇಷಿಯಸ್ಸನ ಸೀಟಿಯಿಂದ ಸೀಟಿಗೆ
ಬೆಲ್ಟಿನ ಮೇಲೆ ಹರಿವ ಕಾಫಿಯಲ್ಲಿ ಕಪ್ಪು ಹೆಕ್ಕಿದ ಬೆರಳು
ಈಗಲೂ ಬೆಂದ ಅನ್ನದಲ್ಲಿ ಏನನ್ನೋ ಹುಡುಕುತ್ತದೆ.

ಹೌದು ಎಂದೆ. ಧೂಳು, ಪ್ರೋಟಾನು, ಬಾಗಿಲು
ಹೇಳಹೊರಟರೆ ಅವಳು ಮಂಡಿ ನೀವಿಕೊಳ್ಳುತ್ತಿದ್ದಳು.
“ತೆಗೆದದ್ದು ಏನ್ ಮಾಡ್ತೀಯ?”
“ಬಿಸಾಕ್ತೀನಿ.”
“ನಾವು ಬಿಸಾಕ್ತಿರಲಿಲ್ಲಪ್ಪ.
ಒಳ್ಳೇದೆಲ್ಲ ಹಡಗು ಹತ್ತೋದು.
ಕಪ್ಪು, ಚೂರು, ನೆಲ ಗುಡಿಸಿದ್ದು
ಇಲ್ಲೇ ಹುರಿದು ಚಿಕೋರಿ ಹಾಕಿ ಮಾರೋರು.
ನಮ್ಮ ಬೀದಿ ಅಷ್ಟು ವರ್ಷ ಕುಡಿದದ್ದು
ನಾನು ಬ್ಯಾಡ ಅಂದಿದ್ದೇ ಕಣವ್ವ.”
ನಕ್ಕಳು. ಚೆನ್ನಾಗೇ ಇರೋದು, ಎಂದಳು.
ನೂರಾ ನಲವತ್ತು ರೂಪಾಯಿ. ನನ್ನ ಬಳಿ ಚಿಲ್ಲರೆ ಇರಲಿಲ್ಲ.

ಗೋಡೆ ಹಿಡಿದು ಇಳಿದಳು.
ಒಂದು ಮೆಟ್ಟಿಲು. ನಿಂತಳು.
ಇನ್ನೊಂದು.
ಕೆಳಗಿನ ಚಿಲಕ ಬೀಳುವವರೆಗೂ ಎಣಿಸಿದೆ, ಯಾಕೋ.

ಆಮೇಲೆ ಅಳಿಸಿದ ರಾಶಿಯನ್ನು ಮತ್ತೆ ತೆರೆದೆ.
ಚೂಪಾಗಿ ಕಂಡದ್ದನ್ನೆಲ್ಲ
ಕೆಟ್ಟದ್ದೆಂದು ನುಂಗಿತ್ತು ನನ್ನ ಪ್ರೋಗ್ರಾಮು.
ಉಪಗ್ರಹ ದಿಗಂತದ ಕೆಳಗೆ ಸರಿದ ಹನ್ನೊಂದು ನಿಮಿಷ
ಅದರೊಳಗೇ ಸಿಕ್ಕಿಕೊಂಡಿತ್ತು.
ಅಲ್ಲೊಂದು ಉಬ್ಬು.
ಅಥವಾ ನಿದ್ದೆಗೆಟ್ಟ ಕಣ್ಣು.
ಇಷ್ಟಕ್ಕೆ ಯಾರೂ ನಂಬುವುದಿಲ್ಲ, ನಾನೂ ನಂಬಬಾರದು.
ಮೇಲಿನ ಕೆಳಗಿನ ಇನ್ನಷ್ಟು ಮೆಟ್ಟಿಲುಗಳ ಸದ್ದನ್ನು
ಒಂದರ ಮೇಲೊಂದು ಪೇರಿಸಿ ಕೇಳಬೇಕು,
ಅದಕ್ಕೆ ಒಂದು ವಾರ, ಕರೆಂಟು ಕೊಟ್ಟರೆ.

ಕಡತಕ್ಕೊಂದು ಹೆಸರು ಕೇಳಿತು ಯಂತ್ರ.
ದಿನಾಂಕ ಬರೆದೆ. ಒರೆಸಿದೆ.
ಚೂರು, ಎಂದು ಬರೆದೆ.