ತಿರುವುಗಳ ಹೆಸರು

ಧೀಬಾನ್ ದಾಟಿದೊಡನೆ ಅಪ್ಪ ಕಿಟಕಿಯ ಗಾಜು ಇಳಿಸಿದ.
"ಈಗ ನೆಲ ಮುಗಿಯುತ್ತೆ" ಎಂದ.
ಮುಗಿಯಿತು.

ಅಲ್ಲೀತನಕ ಬಾರ್ಲಿ ಕೊಯ್ದ ಕೂಳೆ, ಒಂದು ಪೆಟ್ರೋಲು ಬಂಕು,
ತಂತಿಯ ಮೇಲೆ ಯಾರದೋ ಶಾಲೆಯ ನೀಲಿ ಅಂಗಿ;
ಅಲ್ಲಿಂದಾಚೆ ಬರೀ ಗಾಳಿ.
ಯಾರೋ ಭೂಮಿಯನ್ನು ರೊಟ್ಟಿಯಂತೆ ಮುರಿದು
ಅರ್ಧ ಆಚೆ ದಡಕ್ಕಿಟ್ಟು
ತಿನ್ನಲು ಮರೆತು ಎದ್ದುಹೋದಂತೆ
ಮುಜಿಬ್ ಕಂದರ.

ಇಪ್ಪತ್ತೊಂಬತ್ತು ವರ್ಷ ಅವನ ಕಾಲಡಿಯಿದ್ದ ಬ್ರೇಕು
ಇವತ್ತು ನನ್ನ ಕಾಲಡಿ.
ಹಿಂದೆ ಹಗ್ಗದಲ್ಲಿ ಬಿಗಿದ ಫ್ರಿಜ್ಜು, ತಫೀಲಾದ ಅಕ್ಕನಿಗೆ.
ಪ್ರತಿ ಉಬ್ಬಿಗೂ ಅದು ಒಳಗೊಳಗೇ ಕೆಮ್ಮುತ್ತದೆ.

ಅಪ್ಪನ ಕಣ್ಣಲ್ಲಿ ಉಳಿದಿರುವುದು ಅಂಚು ಮಾತ್ರ;
ನಟ್ಟನಡುವೆ ಹೊಗೆಯದೊಂದು ಬಿಲ್ಲೆ.
ನೇರ ನೋಡಿದರೆ ಕಾಣದು.
ಕಾಣಬೇಕಾದರೆ ಮುಖ ಓರೆ ಮಾಡಬೇಕು,
ಸಾಲ ಕೊಟ್ಟವನು ಎದುರು ಬಂದಾಗ ಮಾಡುವ ಹಾಗೆ.

"ಮೊದಲು ಮೇಕೆ ತಿರುವು, ಎಡಕ್ಕೆ, ಎರಡನೇ ಗೇರು.
ಆಮೇಲೆ ಮದುಮಗನ ತಿರುವು."
"ಸತ್ತನೇ?"
"ಇಲ್ಲ, ಮದುವೆಗೆ ತಡವಾಯಿತು ಅಷ್ಟೆ.
ಅದರಾಚೆಯದು ನಿಮ್ಮಮ್ಮ ನನ್ನ ಜೊತೆ ಮಾತು ಬಿಟ್ಟ ತಿರುವು."
"ಎಷ್ಟು ದಿನ?"
"ಕೆರಕ್‌ವರೆಗೆ."
ಯಾವ ನಕ್ಷೆಯೂ ಅರಿಯದ ಹೆಸರುಗಳು
ಒಂದೊಂದಾಗಿ ಬಂದು ಗಾಜಿಗೆ ಒರಗಿ, ವಾಲಿ, ಹಿಂದಾದವು.

ಇಳಿಜಾರಿನ ಒಂದು ಕಡೆ, "ನಿಲ್ಲಿಸು ರಸ್ಮಿಯಾ" ಎಂದ.
ರೋಮನ್ನರ ಮೈಲಿಗಲ್ಲುಗಳು.
ನಿಂತಿರುವುದು ಎರಡು, ಮಲಗಿರುವುದು ಮೂರೋ ನಾಲ್ಕೋ.
"ಒಮ್ಮೆಯೂ ಇಳಿದಿರಲಿಲ್ಲ, ಹೊರೆ ಇದ್ದಾಗ
ಇಳಿಜಾರಲ್ಲಿ ನಿಲ್ಲಿಸುವುದುಂಟೇ?"
ಅಂಗೈ ಇಟ್ಟ. ಬೆಚ್ಚಗಿದೆ ಎಂದ,
ಕತ್ತೆಯ ಬೆನ್ನಿನಂತೆ ಎಂದ.
ಬೆರಳು ಗೀರಿಂದ ಗೀರಿಗೆ ನಿಧಾನ ನಡೆಯಿತು.
"ಎಷ್ಟು ದೂರ ಅಂತ ಬರೆದಿದ್ದಾರೆ?"
"ಸವೆದುಹೋಗಿದೆ."
"ಹುಂ. ತಲುಪಿದ್ದಾರೆ ಹಾಗಾದರೆ."

ತಳದಲ್ಲಿ ಅಣೆಕಟ್ಟು, ಹಸಿರೂ ಅಲ್ಲದ ನೀಲಿಯೂ ಅಲ್ಲದ ನೀರು.
ಮತ್ತೆ ಏರು. ಎಂಜಿನ್ನಿಗೆ ಉಬ್ಬಸ, ನನಗೆ ಬೆವರು.
ಆಚೆ ದಡದಲ್ಲಿ ಚಹಾದ ಹುವೈಶಿಲ್,
ಕಲ್ಲಾದ ಬಸವನಹುಳುಗಳನ್ನು
ಪ್ರವಾಸಿಗಳಿಗೆ ತೂಗಿ ಮಾರುವವನು,
ಸೇಜ್ ಎಲೆಯ ಲೋಟ ಚಾಚಿ ಕೆಣಕಿದ:
"ಏನು ಮುಫ್ಲಿಹ್, ಕೊನೆಗೂ ಸವಾರಿಯಾದೆಯಾ?"
"ಇಲ್ಲಯ್ಯ, ರಸ್ತೆಯಾದೆ" ಎಂದ ಅಪ್ಪ.
ಸಕ್ಕರೆ ಸಾಲದೆಂದು ಇನ್ನೊಂದು ಚಮಚ ಕೇಳಿದ.

"ಬಲಕ್ಕೆ ಕೋಟೆ ಇದೆಯಾ?"
"ಇದೆ."
"ಇರಲೇಬೇಕು, ಎಲ್ಲಿಗೆ ಹೋದೀತು."
ಕೆರಕ್ ತನ್ನ ಗುಡ್ಡದ ಮೇಲೆ
ಒಡೆದ ಹಲ್ಲು ತೋರಿಸುತ್ತ ಕೂತಿತ್ತು.
ಕೆಳಗೆ ಟೈರಿನಂಗಡಿ, ಪಾರಿವಾಳ, ಟೊಮೆಟೊ ತಳ್ಳುಗಾಡಿ.

ಹಸಾ ಕಣಿವೆಗೆ ಬಂದಾಗ ಬಿಸಿಲು ಹಳದಿಯಾಗಿತ್ತು.
"ಈಗ ಬಲಕ್ಕೆ, ಪೂರಾ ಬಲಕ್ಕೆ, ಹೆದರಬೇಡ."
"ಅಪ್ಪಾ, ಬಲಕ್ಕೆ ರಸ್ತೆ ಇಲ್ಲ."

ಹೋದ ಚಳಿಗಾಲ ಗುಡ್ಡ ಕುಸಿದಿತ್ತು.
ಹಳೇ ಡಾಂಬರು ಗಾಳಿಯಲ್ಲಿ ನಾಲಗೆಯಂತೆ ನಿಂತು
ಮುಂದೇನೂ ಹೇಳದೆ ಮುಗಿದಿತ್ತು.
ಹೊಸದು ಎಡಕ್ಕೆ, ಕಪ್ಪಗೆ, ಅಂಚಿಗೆ ಡ್ರಮ್ಮುಗಳು.
ನಾನು ಎಡಕ್ಕೆಳೆದೆ.
ಅಪ್ಪನ ಕೈಗಳು ಮಾತ್ರ
ಇಲ್ಲದ ಚಕ್ರವನ್ನು ಬಲಕ್ಕೆ ಹಿಡಿದು
ತುಸುಹೊತ್ತು ಅಲ್ಲೇ ಉಳಿದವು.
ಹಿಂದೆ ಫ್ರಿಜ್ಜಲ್ಲಿ ಏನೋ ಚಟ್ಟೆಂದಿತು.

"ಹಾಗಾದರೆ ಇದಕ್ಕೆ ಹೆಸರಿಲ್ಲ."
"ಇಲ್ಲ."
"ನೀನಿಡು."
ಎದುರಿಗೆ ಫಾಸ್ಫೇಟಿನ ಲಾರಿ. ದೀಪ ಹಾಕಬೇಕು, ಗೇರು ಇಳಿಸಬೇಕು.
"ಆಮೇಲೆ" ಎಂದೆ.
ಸುಮ್ಮನಾದ. ಮುಂದಿನ ನಾಲ್ಕು ತಿರುವುಗಳನ್ನು
ಹೆಸರಿಲ್ಲದೆಯೇ ದಾಟಿದೆವು.

ತಫೀಲಾದಲ್ಲಿ ಅಕ್ಕ ಅಂಗಳದಲ್ಲೇ ಫ್ರಿಜ್ಜು ತೆರೆದಳು,
ಮಕ್ಕಳು ಒಳಗೆ ತಲೆ ತೂರಿಸಿ ಕೂಗಿ ಪ್ರತಿಧ್ವನಿ ಕೇಳಿದವು.
ತರಕಾರಿಯ ಗಾಜಿನ ಹಲಗೆ
ಮೂಲೆಯಿಂದ ಮೂಲೆಗೆ ಸೀಳಿತ್ತು.
"ಅಯ್ಯೋ, ಎಲ್ಲಿ ಒಡೆಯಿತೇ ಇದು?"

ನಾನು ಬಾಯಿ ತೆರೆದೆ.
ಅಪ್ಪ ನನ್ನ ಕಡೆಗೆ
ಮುಖ ಓರೆ ಮಾಡಿದ.