ಹದಿನೆಂಟನೆಯದು

ಮೀಟರು ಓದುವುದು ನನ್ನ ಕೆಲಸ.
ಹೊಸಲೈನಿನಿಂದ ಪೆನ್ಷನ್ ಮೊಹಲ್ಲಾದವರೆಗೆ
ಯಾರ ಬಾಗಿಲ ಹಿಂದೆ ಏನು ತೂಗಿದೆ, ನನಗೆ ಗೊತ್ತು.
ಅಂಕಿ ಬರೆದು ತಲೆಯೆತ್ತಿದರೆ ಗೋಡೆ;
ಗೋಡೆ ಕಂಡಲ್ಲಿ ಕಣ್ಣು ಸುಮ್ಮನಿರದು.

ಹೀಗೆ ಸೇರಿದವು ಹದಿನೇಳು.
ಕಾದಂಬರಿಗಳು ಟೀವಿಗೆ ಬರುತ್ತಿದ್ದ ಕಾಲದಲ್ಲಿ
ಸೆಟ್ಟು ಮಾರುವವರು ಬರೆಸಿ, ಅಚ್ಚು ಹಾಕಿಸಿ
ಪುಕ್ಕಟೆ ಹಂಚಿದ ಪೋಸ್ಟರುಗಳು:
‘ಪ್ರತಿ ಗುರುವಾರ ರಾತ್ರಿ, ಹದಿಮೂರು ಕಂತು’,
ಕೆಳಗೆ ಅಂಗಡಿಯ ಹೆಸರು, ಮೂರಂಕಿಯ ಫೋನು.
ಒಂದು ಸಿಕ್ಕಿದ್ದು ಕ್ಷೌರದಂಗಡಿಯ ಕನ್ನಡಿಯ ಬೆನ್ನಿಗೆ,
ಒಂದು ಟ್ರಂಕಿನ ತಳದಲ್ಲಿ, ನುಸಿಗುಳಿಗೆ ವಾಸನೆಯ ಸೀರೆಗಳಡಿ,
ಒಂದು ಕೋಳಿಗೂಡಿನ ಸೂರಿಗೆ.
ನಾಯಕನ ಮೂಗನ್ನು ಹುಂಜ ಕುಕ್ಕಿ ತಿಂದಿದೆ.
ಹಾಗೇ ಇಟ್ಟಿದ್ದೇನೆ.

‘ಜನ ಚಿನ್ನ ಕೂಡಿಡ್ತಾರೆ, ಸೈಟು ಕೂಡಿಡ್ತಾರೆ,
ನೀವು ಗೋಂದು ಕೂಡಿಡ್ತೀರ’ ಅಂದಳು ಸರ್ವಮಂಗಳ.
ಅಂದವಳೇ ಹಳೇ ರವಿಕೆ ಹರಿದು
ಪೈಪಿನ ಬಾಯಿಗೆ ಬಿರಡೆ ಮಾಡಿಕೊಟ್ಟಳು.
ನಾಲ್ಕಿಂಚಿನ ಪೈಪು, ಬೇವಿನೆಲೆ,
ಒಂದರೊಳಗೊಂದು ಸುರುಳಿ ಸುತ್ತಿ ಮಲಗಿದ ಮುಖಗಳು.

ಹದಿನೆಂಟನೆಯದು ಕಟ್ಟಿನಕೆರೆ ಮಾರುಕಟ್ಟೆಯಲ್ಲಿ,
ಆಲೂಗಡ್ಡೆ ಚೀಲಗಳ ಹಿಂದೆ.
‘ಪಾವು ಸೇರು’.
ಎಂಟನೇ ಕ್ಲಾಸಿನಲ್ಲಿ ದಿನಕ್ಕೆ ಹತ್ತು ಪೈಸೆ ಬಾಡಿಗೆ ತೆತ್ತು
ಎರಡೇ ದಿನಕ್ಕೆ ಮುಗಿಸಿದ್ದೆ:
ಮಂಡಿಯಲ್ಲಿ ರಾಗಿ ಅಳೆಯುವ ತಾಯಕ್ಕ, ಹುಟ್ಟಾ ಎಡಚಿ.
ಎಡಗೈ ಅಳತೆ ಮನೆಗೆ ಏಳಿಗೆಯಲ್ಲವೆಂದು
ಗಿರಾಕಿ ಒಡ್ಡಿದ ಸೆರಗು ಹಿಂದಕ್ಕೆಳೆದುಕೊಳ್ಳುವ ಪುಟದಲ್ಲಿ
ಯಾರೋ ಪೆನ್ಸಿಲ್ಲಿನಲ್ಲಿ ‘ಪಾಪ’ ಎಂದು ಬರೆದಿದ್ದರು.

ಟೀವಿಯಲ್ಲಿ ಅವಳು ಬಲಗೈಯವಳಾದಳು.
ನಟಿಗೆ ಒಗ್ಗಲಿಲ್ಲವೋ, ನೋಡುವವರಿಗೆ ಒಗ್ಗದೆಂದೋ.
ಊರೆಲ್ಲ ಅವಳನ್ನು ಯಾಕೆ ಬೈಯುತ್ತದೆಂದು
ನಮ್ಮ ವಠಾರದಲ್ಲಿ ಯಾರಿಗೂ ತಿಳಿಯಲಿಲ್ಲ.
ಹನ್ನೊಂದನೇ ಕಂತಿಗೆ ಕರೆಂಟು ಹೋಯಿತು.
ನಾನಾಗ ಚಡ್ಡಿ ಹುಡುಗ, ಇಲಾಖೆಗೆ ಸೇರಿರಲಿಲ್ಲ;
ಆದರೂ ಆ ಕತ್ತಲೆ ನನ್ನ ಲೆಕ್ಕಕ್ಕೇ ಬರೆದ ಹಾಗಿದೆ.

ಪೋಸ್ಟರಿನಲ್ಲಿ ಮಾತ್ರ
ಎಡಗೈ.
ಸೇರಿನ ಕಂಠಕ್ಕೆ ಒತ್ತಿದ ಹೆಬ್ಬೆರಳು,
ಗೆಣ್ಣಿನ ಮೇಲೊಂದು ಹಳೆಯ ಗಾಯದ ಗೆರೆ.
ಯಾರೋ ಒಬ್ಬ ಓದಿದ್ದಾನೆ!
ಮೂಲೆಯಲ್ಲಿ ಇರುವೆ ಸಾಲಿನಂಥ ಸಹಿ: ಸಿಂಗ್ರಾಚಾರ್, ಹಾಸನ.

ಹುಡುಕಿಕೊಂಡು ಹೋದೆ ತಣ್ಣೀರುಹಳ್ಳಕ್ಕೆ.
ಟ್ರ್ಯಾಕ್ಟರ್ ಟ್ರೈಲರಿಗೆ ನಂಬರು ಬರೆಯುತ್ತಿದ್ದರು,
ಒಂದು ಕಣ್ಣಿಗೆ ಪೊರೆ.
‘ಕಾದಂಬ್ರಿ ಓದಕ್ಕೆ ಎಲ್ಲಿತ್ತು ಸ್ವಾಮಿ ಪುರುಸೊತ್ತು?
ಆಯಮ್ಮನ ಮುಖದ ಫೋಟೋ ಒಂದು ಕೊಟ್ಟಿದ್ರು.
ಕೈ ಇರಲಿಲ್ಲ ಅದ್ರಲ್ಲಿ.
ಬಲಗೈಲಿ ಕುಂಚ ಇತ್ತು,
ಖಾಲಿ ಇದ್ದಿದ್ದು ಇದೇ’
ಎಂದು ಎಡಗೈ ಎತ್ತಿ ತೋರಿಸಿದರು.
ಹೆಬ್ಬೆರಳ ಗೆಣ್ಣಿನ ಮೇಲೆ ಅದೇ ಗೆರೆ.

ತಾಯಕ್ಕನ ಕಥೆ ಹೇಳೋಣವೆಂದುಕೊಂಡೆ. ಹೇಳಲಿಲ್ಲ.
ಎಷ್ಟು ವರ್ಷ ಒಬ್ಬ ಓದುಗನನ್ನು ಹುಡುಕಿದ್ದೆನೋ,
ಸಿಕ್ಕಿದ್ದು ಬಿಡುವಾಗಿದ್ದ ಒಂದು ಕೈ.
ಟೀ ಬಂತು. ಲೋಟ ಎತ್ತಿ ಕೊಟ್ಟೆ;
ಬಲಗೈ ಬಣ್ಣವಾಗಿತ್ತು, ಎಡಗೈಯಲ್ಲೇ ಇಸಿದುಕೊಂಡರು.

ಅಂಗಡಿಯ ಫಯಾಜ್ ಸಾಹೇಬರು ದುಡ್ಡು ಕೇಳಲಿಲ್ಲ,
‘ಗೋಡೆ ಕೀಳಬೇಡಿ ಅಷ್ಟೆ’ ಎಂದರು.
ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ
ಕೆಟಲಿನ ಆವಿ, ಸಾಣೆ ಹಿಡಿದ ಬಿದಿರು ಚಕ್ಕೆ, ಉಸಿರು ಬಿಗಿಹಿಡಿದು.
ಮುಖ ಬಂತು, ಸೇರು ಬಂತು, ಕೈ ಬಂತು.
‘ಹದಿಮೂರು ಕಂತು’ ಎಂಬಲ್ಲಿ ಹದಿ ಮಾತ್ರ ಬಂತು.

ಮುಂದಿನ ತಿಂಗಳು ರೀಡಿಂಗಿಗೆ ಹೋದಾಗ
ಪೋಸ್ಟರು ಇದ್ದ ಜಾಗಕ್ಕೆ ಬ್ಯಾಂಕಿನ ಕ್ಯಾಲೆಂಡರು ಬಂದಿತ್ತು.
ಅಳತೆ ಸಾಲದೆ ಸುತ್ತ ನಾಲ್ಕು ಬೆರಳಗಲ
ಮಾಸದ ಹಸಿರು ಸುಣ್ಣ ಉಳಿದಿತ್ತು.
‘ಎಷ್ಟಾಯ್ತು?’ ಎಂದರು ಸಾಹೇಬರು.
ಗೋಡೆ ನೋಡುತ್ತಿದ್ದವನು ಬೆಚ್ಚಿ
ನಲವತ್ತೊಂದು ಯೂನಿಟ್ಟು ಅಂದೆ.