ಸಿಂಗಲ್ ಕಾಲಂ

ರಾತ್ರಿ ಹನ್ನೊಂದೂ ಕಾಲು. ಮೈಸೂರಿನ ನಮ್ಮ ಡೆಸ್ಕಿಗೆ
ಸುದ್ದಿಸಂಸ್ಥೆಯ ಕೊನೆಯ ಕಂತು:
ಇಸ್ರೇಲಿಗಳು, ಪ್ಯಾಲೆಸ್ಟೀನಿಯರು, ಕದನವಿರಾಮಕ್ಕೊಂದು ಗೊತ್ತುವಳಿ.
ದೂರದ ಯಾವುದೋ ದೊಡ್ಡ ದೇಶ
ಪರವಾಗಿಯೂ ಕೈ ಎತ್ತಲಿಲ್ಲ, ವಿರುದ್ಧವಾಗಿಯೂ ಇಲ್ಲ.
ತೀವ್ರ ಕಳವಳ ಮಾತ್ರ ವ್ಯಕ್ತಪಡಿಸಿತು.

ಜಾಗ ಇದ್ದದ್ದು ಒಂದೇ ಕಾಲಂ.
'ತಟಸ್ತ' ಅಂತ ಹೊಡೆದೆ. ಮೂರೇ ಅಕ್ಷರ,
ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಪ್ರೂಫಿನ ವಾಸಂತಕ್ಕ ಕನ್ನಡಕದ ಮೇಲಿಂದ ನೋಡಿ
'ಒತ್ತು ತಪ್ಪಿದೆ ಕಣೇ,
ಅಲ್ಪಪ್ರಾಣ ತೆಗಿ, ಮಹಾಪ್ರಾಣ ಹಾಕು' ಅಂದಳು.
ತಿದ್ದಿದೆ.
ಕೆಳಗಿನ ಸಾಲಲ್ಲಿ ಸತ್ತವರು 'ಸುಮಾರು' ಇಷ್ಟು ಸಾವಿರ.
ಅಲ್ಲಿ ಅವಳಿಗೆ ತಪ್ಪು ಕಾಣಲಿಲ್ಲ.
ಕಾಗುಣಿತದ ಪ್ರಕಾರ ಇರಲೂ ಇಲ್ಲ.

ತಟಸ್ಥ ಅಂದರೆ ದಡದಲ್ಲಿ ನಿಂತವನು.

ನಾನು ಕಂಡಿದ್ದೇನೆ ಅವರನ್ನು. ಆಗ ನನಗೆ ಒಂಬತ್ತು.
ಪಶ್ಚಿಮವಾಹಿನಿಗೆ ಸೋದರತ್ತೆಯ ಅಸ್ಥಿ ಬಿಡಲು ಹೋಗಿದ್ದೆವು.
ಬಂಡೆಯಾಚೆ ಸುಳಿಯಲ್ಲಿ ಇಬ್ಬರು ಹುಡುಗರು
ಒಬ್ಬನ ಕುತ್ತಿಗೆ ಒಬ್ಬ ಹಿಡಿದು
ಮುಳುಗುತ್ತಾ ಏಳುತ್ತಾ, ಏಳುತ್ತಾ ಮುಳುಗುತ್ತಾ.
ಮೆಟ್ಟಿಲ ಮೇಲೆ ನಲವತ್ತು ಜನ.
ದೊಡ್ಡವನೇ ಎಳೆದದ್ದು, ನಾನೇ ನೋಡಿದೆ.
ಇಲ್ಲ, ಚಿಕ್ಕವನೇ ಬೆಳಿಗ್ಗೆಯಿಂದ ಕೆಣಕ್ತಿದ್ದ.
ತಡೀರಿ, ಪೊಲೀಸು ಬರಲಿ.
ಅಪ್ಪ ಏನೂ ಅನ್ನಲಿಲ್ಲ, ನನ್ನ ಕಣ್ಣು ಮುಚ್ಚಿದ.
ಅವನ ಅಂಗೈಲಿ ಎಳ್ಳಿನ ವಾಸನೆ.

ಕೈ ಸರಿದಾಗ ಹರಿಗೋಲು ಗುಳ್ಳಯ್ಯ ನೀರಲ್ಲಿದ್ದ,
'ಮೊದ್ಲು ಉಸ್ರು ಕಣ್ರಪ್ಪಾ, ಪಂಚಾಯ್ತಿ ಆಮ್ಯಾಕೆ' ಅನ್ನುತ್ತಾ.
ಒಬ್ಬನ ಕೂದಲು ಸಿಕ್ಕಿತು.
ಇನ್ನೊಬ್ಬ ಮೂರನೇ ದಿನ, ಮಹದೇವಪುರದ ಹತ್ತಿರ.
ಆಮೇಲೆ ಎಷ್ಟೋ ವರ್ಷ ಗುಳ್ಳಯ್ಯನನ್ನು ಕೇಳುತ್ತಿದ್ದರು,
ಅವನನ್ನೇ ಯಾಕೆ ಹಿಡಿದೆ, ಇವನನ್ನ ಯಾಕೆ ಬಿಟ್ಟೆ.
ಕೇಳಿದವರೆಲ್ಲ ದಡದವರು.

ಹನ್ನೆರಡಕ್ಕೆ ಇನ್ನೊಂದು ತುಣುಕು ಬಂತು.
ಅದೇ ದೇಶದ ಬಂದರಿನಿಂದ
ಯುದ್ಧವಿಮಾನದ ಬಿಡಿಭಾಗ ಹೊತ್ತ ಹಡಗು ಹೊರಟಿದೆ, ಷೇರು ಏರಿದೆ.
ದಡದಲ್ಲಿ ನಿಂತವನ ಕಂಕುಳಲ್ಲಿ ಕಲ್ಲಿನ ಮೂಟೆ.
ಎರಡನ್ನೂ ಅಕ್ಕಪಕ್ಕ ಹಾಕೋಣವೇ ಅಂದೆ.
'ಅದು ವಾಣಿಜ್ಯ ಕಣಮ್ಮ, ಇದು ವಿದೇಶ'
ಅಂದರು ಸುದ್ದಿ ಸಂಪಾದಕರು,
ಕಾಫಿ ಲೋಟದ ಒಳಗೆ ನೋಡುತ್ತಾ.

ನಾನು ವಾದಿಸಲಿಲ್ಲ.
ಪುಟ ಕಟ್ಟಿದೆ. ಪಕ್ಕದ ಚೌಕದಲ್ಲಿ ಎಂದಿನಂತೆ
ಕೆಆರ್‌ಎಸ್ ಮಟ್ಟ: ನೂರಾ ಹನ್ನೊಂದು ಅಡಿ, ದಶಾಂಶ ಎಂಟು ಆರು.
ಒಳಹರಿವು, ಹೊರಹರಿವು, ಒಂದು ಕ್ಯೂಸೆಕ್ಕೂ ಬಿಡದೆ.
ನೀರಿಗೆ 'ಸುಮಾರು' ಅಂತ ಬರೆದರೆ
ಮಂಡ್ಯದಿಂದ ಬೆಳಿಗ್ಗೆ ಆರಕ್ಕೇ ಫೋನು.

ಹನ್ನೆರಡೂ ಮುಕ್ಕಾಲಿಗೆ ಪುಟ ಹೋಯಿತು.
ಬೆರಳಿಗೆ ಮಸಿ ಹತ್ತುವ ಕಾಲವಲ್ಲ ಇದು.
ಸ್ಕೂಟರಿನ ಕೀಲಿಗೆ ತಡಕುವಾಗ ಕೈ ನೋಡಿಕೊಂಡೆ.
ಒಣಗೇ ಇತ್ತು.